ಹಳೆಯ ಸಿಲಿಕೋನ್ ಏಕೆ ಕರಗದು?

ಮುಧೋಳ ಸೀಮೆಯ ರನ್ನ ಬೆಳಗಲಿಯಂತಹ ಊರುಗಳಲ್ಲಿ ಬಚ್ಚಲೆಂದರೆ ಹಿಂದೆ ಕಲ್ಲುಹಾಸು, ನೀರು ಕಾಯಿಸುವ ಹಂಡೆ, ಹೊರಗೆ ಹೋಗುವ ಒಂದು ಮೋರಿ. ಈಗ ಅಲ್ಲಿನ ಹೊಸ ಮನೆಗಳಲ್ಲೂ ಹೊಳಪಿನ ಟೈಲು, ಬೇಸಿನ್, ಕಮೋಡ್ ಬಂದಿವೆ. ಬೇಸಿನ್ನು ಗೋಡೆಯನ್ನು ಕೂಡುವ ಸಂದಿಯಲ್ಲಿ ಬೆರಳಗಲದ ಬಿಳಿಯ ರಬ್ಬರಿನಂತಹ ಪಟ್ಟಿಯೊಂದನ್ನು ನೀವು ನೋಡಿರಬಹುದು. ಅದೇ ಸಿಲಿಕೋನ್ ಸೀಲಂಟ್. ಕೆಲವು ವರ್ಷ ಕಳೆದ ಮೇಲೆ ಅದು ಕಪ್ಪಾಗುತ್ತದೆ, ಅಂಚು ಬಿಡುತ್ತದೆ, ನೀರು ಒಳಗೆ ಇಳಿಯತೊಡಗುತ್ತದೆ.

ಆಗ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಹಳೆಯದರ ಮೇಲೆಯೇ ಹೊಸ ಸಿಲಿಕೋನ್ ಬಳಿಸುತ್ತಾರೆ. ಇಲ್ಲವೆ ಆಸಿಡ್, ಬ್ಲೀಚಿಂಗ್ ಪುಡಿ, ಸೀಮೆಎಣ್ಣೆ ಹೀಗೆ ಕೈಗೆ ಸಿಕ್ಕಿದ್ದನ್ನು ಸುರಿದು ಕರಗಿಸಲು ನೋಡುತ್ತಾರೆ. ಮೊದಲನೆಯದರಲ್ಲಿ ಹಣ ಹಾಳು. ಎರಡನೆಯದರಲ್ಲಿ ಪ್ರಾಣಕ್ಕೇ ಅಪಾಯವಿದೆ. ಎರಡೂ ಏಕೆ ಫಲಿಸುವುದಿಲ್ಲ ಎಂಬುದಕ್ಕೆ ಉತ್ತರ ಈ ವಸ್ತುವಿನ ರಚನೆಯಲ್ಲಿದೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಅಂಗಡಿಯಲ್ಲಿ ಇದನ್ನು ‘ಸಿಲಿಕಾನ್’ ಎಂದೇ ಕೇಳುತ್ತಾರೆ. ಆದರೆ ಸಿಲಿಕಾನ್ ಒಂದು ಧಾತು; ಸಿಲಿಕೋನ್ ಆ ಧಾತುವಿನಿಂದ ತಯಾರಿಸಿದ ಪಾಲಿಮರ್. ಈ ಹೆಸರು ಕೊಟ್ಟವನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ರಸಾಯನ ವಿಜ್ಞಾನಿ ಫ್ರೆಡರಿಕ್ ಕಿಪ್ಪಿಂಗ್. ಇವುಗಳ ಸೂತ್ರ ಕೀಟೋನ್‌ಗಳ ಸೂತ್ರವನ್ನು ಹೋಲುತ್ತದೆಂದು ಹಾಗೆ ಕರೆದ. ತನ್ನ ಪಾತ್ರೆಗಳ ತಳಕ್ಕೆ ಮೆತ್ತಿಕೊಳ್ಳುತ್ತಿದ್ದ ಈ ಅಂಟು ಪದಾರ್ಥದಿಂದ ದೊಡ್ಡ ಪ್ರಯೋಜನವಾದೀತೆಂದು ಅವನಿಗೆ 1930ರ ದಶಕದಲ್ಲೂ ಅನಿಸಿರಲಿಲ್ಲ! 1940ರಲ್ಲಿ ಅಮೆರಿಕದ ಯೂಜೀನ್ ರೋಚೋ, ಬಿಸಿ ಸಿಲಿಕಾನ್ ಮೇಲೆ ತಾಮ್ರದ ಕ್ರಿಯಾವರ್ಧಕದ ನೆರವಿನಿಂದ ಮೀಥೈಲ್ ಕ್ಲೋರೈಡ್ ಅನಿಲ ಹಾಯಿಸಿ ಇದರ ಕಚ್ಚಾವಸ್ತುವನ್ನು ಪಡೆಯುವ ವಿಧಾನ ಕಂಡುಕೊಂಡ. ಸಿಲಿಕೋನ್ ಕಾರ್ಖಾನೆಗೆ ಕಾಲಿಟ್ಟದ್ದು ಆಮೇಲೆ.

ಸಾಧಾರಣ ಪ್ಲಾಸ್ಟಿಕ್‌ಗಳ ಬೆನ್ನೆಲುಬು ಕಾರ್ಬನ್ ಪರಮಾಣುಗಳ ಸರಪಳಿ. ಸಿಲಿಕೋನ್‌ನ ಬೆನ್ನೆಲುಬಿನಲ್ಲಿ ಸಿಲಿಕಾನ್ ಮತ್ತು ಆಕ್ಸಿಜನ್ ಒಂದಾದ ಮೇಲೊಂದರಂತೆ ಬರುತ್ತವೆ. ಪ್ರತಿ ಸಿಲಿಕಾನ್‌ಗೂ ಎರಡು ಮೀಥೈಲ್ ಗುಂಪುಗಳು ಅಂಟಿರುತ್ತವೆ. ಕಾರ್ಬನ್–ಕಾರ್ಬನ್ ಬಂಧ ಮುರಿಯಲು ಮೋಲ್ ಒಂದಕ್ಕೆ ಸುಮಾರು 350 ಕಿಲೋಜೌಲ್ ಶಕ್ತಿ ಬೇಕಾದರೆ, ಸಿಲಿಕಾನ್–ಆಕ್ಸಿಜನ್ ಬಂಧಕ್ಕೆ ಸುಮಾರು 450 ಬೇಕು. ಮರಳಿನಲ್ಲೂ ಗಾಜಿನಲ್ಲೂ ಇರುವುದು ಇದೇ ಬಂಧ.

ಟ್ಯೂಬಿನಲ್ಲಿರುವಾಗ ಈ ಸರಪಳಿಗಳು ಬಿಡಿಬಿಡಿಯಾಗಿರುತ್ತವೆ. ಆದ್ದರಿಂದ ಅದು ಮುದ್ದೆಯಂತೆ ಮೆತ್ತಗಿರುತ್ತದೆ. ಹೊರಗೆ ಬಂದೊಡನೆ ಗಾಳಿಯ ತೇವಾಂಶ ಕ್ರಿಯೆಯನ್ನು ಆರಂಭಿಸುತ್ತದೆ. ಜೊತೆಯಲ್ಲಿ ಬೆರೆಸಿರುವ ಅಸಿಟಾಕ್ಸಿ ಸಿಲೇನ್ ಎಂಬ ಸಂಯುಕ್ತ ಸರಪಳಿ-ಸರಪಳಿಗಳ ನಡುವೆ ಅಡ್ಡಬಂಧಗಳನ್ನು ಹೆಣೆಯುತ್ತದೆ. ಅಸಿಟಿಕ್ ಆಮ್ಲ ಹೊರಬೀಳುತ್ತದೆ. ಹೊಸ ಸೀಲಂಟಿನಿಂದ ವಿನೆಗರ್ ವಾಸನೆ ಬರುವುದು ಇದರಿಂದಲೇ. ಹೆಣಿಗೆ ಮುಗಿದಾಗ ಇಡೀ ಪಟ್ಟಿಯೇ ಒಂದು ದೈತ್ಯ ಬಲೆ, ಹೆಚ್ಚುಕಡಿಮೆ ಒಂದೇ ಅಣು ಎನ್ನಬಹುದು.

ಬೆಲ್ಲ ನೀರಿನಲ್ಲಿ ಕರಗುವುದೆಂದರೆ ಅದರ ಅಣುಗಳು ಒಂದನ್ನೊಂದು ಬಿಟ್ಟು ಚದುರುವುದು. ಬಲೆಯಾಗಿ ಹೆಣೆದುಕೊಂಡದ್ದು ಚದುರುವುದು ಹೇಗೆ? ಸೀಮೆಎಣ್ಣೆ, ಟರ್ಪಂಟೈನ್‌ಗಳು ಬಲೆಯ ಕಣ್ಣುಗಳೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತವೆ, ಅಷ್ಟೆ. ಅವು ಆವಿಯಾದ ಮೇಲೆ ಪಟ್ಟಿ ಮೊದಲಿನಂತೆ ಕುಗ್ಗಿ ಕೂರುತ್ತದೆ. ಬಿಸಿಗೂ ಅದು ಬಗ್ಗದು. ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿಕೊಳ್ಳುವ ವಸ್ತುವಿದು. ಅಂಗಡಿಯಲ್ಲಿ ದೊರೆಯುವ ಸಿಲಿಕೋನ್ ತೆಗೆಯುವ ಲೇಪಗಳಲ್ಲಿ ಹಲವು ಪ್ರಬಲ ಆಮ್ಲವನ್ನು ಒಳಗೊಂಡಿದ್ದು ಬಂಧವನ್ನೇ ಮುರಿಯುತ್ತವೆ. ಆದರೂ ನಿಧಾನವಾಗಿ, ತೆಳು ಪದರವನ್ನು ಮಾತ್ರ.

ಕಪ್ಪು ಕಲೆಯ ವಿಷಯಕ್ಕೆ ಬರೋಣ. ಅದು ಶಿಲೀಂಧ್ರ. ಅದರ ಆಹಾರ ಸಿಲಿಕೋನ್ ಅಲ್ಲ. ಪಟ್ಟಿಯ ಮೇಲೆ ಕೂತ ಸಾಬೂನಿನ ಜಿಡ್ಡು, ಮೈಯ ಕೊಳೆ. ಬ್ಲೀಚ್ ಹಚ್ಚಿದರೆ ಮೇಲೆ ಬೆಳ್ಳಗಾದರೂ ಒಳಕ್ಕಿಳಿದ ಎಳೆಗಳು ಉಳಿದು ಮತ್ತೆ ಕಪ್ಪಾಗುತ್ತದೆ. ಆಗ ಕೆಲವರು ಬ್ಲೀಚಿನ ಮೇಲೆಯೇ ಟೈಲು ತೊಳೆಯುವ ಆಸಿಡ್ ಸುರಿಯುತ್ತಾರೆ. ಇದನ್ನು ಎಂದಿಗೂ ಮಾಡಬೇಡಿ. ಬ್ಲೀಚಿನ ಹೈಪೊಕ್ಲೋರೈಟ್ ಹೈಡ್ರೊಕ್ಲೋರಿಕ್ ಆಮ್ಲದೊಡನೆ ಸೇರಿ ಕ್ಲೋರಿನ್ ಅನಿಲವನ್ನು ಬಿಡುಗಡೆ ಮಾಡುತ್ತದೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಕಿಟಕಿ ಚಿಕ್ಕದಾದ ಬಚ್ಚಲಿನಲ್ಲಿ ಅದು ನೆಲಮಟ್ಟದಲ್ಲಿಯೇ ನಿಲ್ಲುತ್ತದೆ, ಅಂದರೆ ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿರುವವರ ಮೂಗಿನ ಹತ್ತಿರ. ಶ್ವಾಸಕೋಶವನ್ನು ಸುಡುವ ಈ ಅನಿಲ ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಆಯುಧವಾಗಿ ಬಳಕೆಯಾದದ್ದು ನಿಮಗೆ ಗೊತ್ತಿರಬಹುದು. ಟರ್ಪಂಟೈನ್, ಥಿನ್ನರ್‌ಗಳದು ಇನ್ನೊಂದು ಬಗೆಯ ಅಪಾಯ: ಗ್ಯಾಸ್ ಗೀಸರ್ ಉರಿಯುವ ಬಚ್ಚಲಿನಲ್ಲಿ ಅವುಗಳ ಆವಿಗೆ ಬೆಂಕಿ ತಗಲೀತು. ಗೀಸರ್ ಆರಿಸಿ, ಕಿಟಕಿ ಬಾಗಿಲು ತೆರೆದೇ ಕೆಲಸಕ್ಕೆ ಕೂರಬೇಕು.

ಹಾಗಾದರೆ ಬಿಡಿಸುವುದು ಹೇಗೆ? ಅಲಗಿನಿಂದ. ರಸಾಯನಕ್ಕೆ ಜಗ್ಗದ ಸಿಲಿಕೋನ್‌ಗೆ ಒಂದು ದೌರ್ಬಲ್ಯವಿದೆ: ಒಮ್ಮೆ ಸೀಳು ಬಿದ್ದರೆ ಅದು ಸುಲಭವಾಗಿ ಹರಿಯುತ್ತದೆ. ಹರಿತವಾದ ಕಟರ್‌ನಿಂದ ಪಟ್ಟಿಯ ಗೋಡೆಯ ಅಂಚಿನುದ್ದಕ್ಕೆ ಒಮ್ಮೆ, ಬೇಸಿನ್ನಿನ ಅಂಚಿನುದ್ದಕ್ಕೆ ಒಮ್ಮೆ ಕೊಯ್ಯಿರಿ. ಒಂದು ತುದಿಯನ್ನು ಎಬ್ಬಿಸಿ, ಮೇಲಕ್ಕೆ ಎತ್ತದೆ, ಮೇಲ್ಮೈಗೆ ಒತ್ತಿದಂತೆ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ಅದೃಷ್ಟವಿದ್ದರೆ ಉದ್ದುದ್ದ ಬರುತ್ತದೆ. ಉಳಿದದ್ದನ್ನು ಸಾಬೂನು ನೀರು ಸವರಿ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯಬೇಕು. ಹೊಳಪಿನ ಟೈಲು, ಗಾಜುಗಳಿಗೆ ಇದು ಸರಿ. ಪ್ಲಾಸ್ಟಿಕ್ ತೊಟ್ಟಿಗೆ ಗೀರು ಬೀಳುವುದರಿಂದ ಪ್ಲಾಸ್ಟಿಕ್ ಪಟ್ಟಿಯನ್ನೇ ಬಳಸಿ. ಕೊನೆಗೆ ಉಳಿಯುವ ಜಿಡ್ಡಿನಂತಹ ಪೊರೆಗೆ ಮಾತ್ರ ಬಟ್ಟೆಯಲ್ಲಿ ತುಸು ಟರ್ಪಂಟೈನ್ ಸಾಕು. ಉಬ್ಬಿದ ಪೊರೆ ಉಜ್ಜಿದಾಗ ಉಂಡೆಯುಂಡೆಯಾಗಿ ಬರುತ್ತದೆ. ಆಮೇಲೆ ಸ್ಪಿರಿಟ್‌ನಿಂದ ಒರೆಸಿ.

ಎಲ್ಲ ಹೋಯಿತೆಂದು ತಿಳಿಯುವುದು ಹೇಗೆ? ಒಂದು ಹನಿ ನೀರು ಹಾಕಿ ನೋಡಿ. ಶುದ್ಧವಾದ ಹೊಳಪಿನ ಟೈಲಿನ ಮೇಲೆ ಹನಿ ಹರಡಿಕೊಳ್ಳುತ್ತದೆ. ಸಿಲಿಕೋನ್ ಪೊರೆಯಿದ್ದರೆ ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಲ್ಲುತ್ತದೆ. ಹೊರಮುಖವಾಗಿ ನಿಂತ ಮೀಥೈಲ್ ಗುಂಪುಗಳಿಂದಾಗಿ ಸಿಲಿಕೋನ್‌ನ ಮೇಲ್ಮೈ ಶಕ್ತಿ ಬಹಳ ಕಡಿಮೆ. ಇದೇ ಕಾರಣಕ್ಕೆ ಬಣ್ಣ, ಸಿಮೆಂಟ್, ಕಡೆಗೆ ಹೊಸ ಸಿಲಿಕೋನ್ ಕೂಡ ಹಳೆಯದಕ್ಕೆ ಸರಿಯಾಗಿ ಅಂಟುವುದಿಲ್ಲ. ಗಾಜಿನ ಮಾತು ಬೇರೆ. ಅದರ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿದ್ದು ಹೊಸ ಸೀಲಂಟ್ ಅವುಗಳೊಡನೆ ನೇರವಾಗಿ ಬಂಧ ಕಟ್ಟುತ್ತದೆ. (ಕವಿ ರನ್ನ ಹುಟ್ಟಿದ್ದು ಬಳೆಗಾರರ ಮನೆತನದಲ್ಲಿ; ಗಾಜಿನ ಬಳೆಗೆ ಸಿಲಿಕೋನ್ ಹಚ್ಚಿ ಒಣಗಿಸಿ ಬಿಡಿಸಲು ನೋಡಿದರೆ ಈ ಬಂಧದ ಬಿಗಿ ಅರಿವಾಗುತ್ತದೆ.)

ಹೊಸದನ್ನು ಆರಿಸುವಾಗ ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ. ಉತ್ತರ ಕರ್ನಾಟಕದಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅಮೃತಶಿಲೆಯೂ ಅದೇ. ವಿನೆಗರ್ ವಾಸನೆಯ ಸೀಲಂಟ್ ಬಿಡುವ ಅಸಿಟಿಕ್ ಆಮ್ಲ ಇದನ್ನು ಕೊರೆದು ಅಂಟಿನ ಕೆಳಗೆ ದುರ್ಬಲ ಪದರವನ್ನುಂಟುಮಾಡುತ್ತದೆ. ಹಿತ್ತಾಳೆ, ಸತು ಲೇಪಿಸಿದ ಕೊಳವೆಗಳಿಗೂ ಅದು ಹಿತವಲ್ಲ. ಇಂತಹ ಕಡೆ ‘ನ್ಯೂಟ್ರಲ್’ ಎಂದು ಬರೆದ ಟ್ಯೂಬನ್ನೇ ಕೇಳಿ ಪಡೆಯಿರಿ. ಸಿಲಿಕೋನ್ ತೆಗೆಯುವ ಆಮ್ಲದ ಲೇಪವನ್ನೂ ಈ ಕಲ್ಲುಗಳಿಗೆ ತಾಗಿಸಬಾರದು.

ಶಾಲೆಯಲ್ಲಿ ಇದನ್ನು ಪಾಠವಾಗಿಸಬಹುದು. ಆಗತಾನೆ ಹಿಂಡಿದ ಅಸಿಟಿಕ್ ಬಗೆಯ ಸೀಲಂಟಿನ ಹತ್ತಿರ ಒದ್ದೆಯಾದ ನೀಲಿ ಲಿಟ್ಮಸ್ ಕಾಗದ ಹಿಡಿದರೆ ಕೆಂಪಾಗುತ್ತದೆ. ಒಣಗಿದ ಸಿಲಿಕೋನ್‌ನ ಸಮ ಉದ್ದದ ಎರಡು ತುಂಡುಗಳನ್ನು ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಟರ್ಪಂಟೈನ್‌ನಲ್ಲಿ ಮುಚ್ಚಿಟ್ಟು ಮರುದಿನ ಅಳೆಯಿರಿ. ಎರಡನೆಯದು ಉದ್ದವಾಗಿರುತ್ತದೆ. ಅದನ್ನು ಹೊರತೆಗೆದು ಗಾಳಿಯಾಡುವ ಕಡೆ, ಉರಿಯಿಂದ ದೂರವಿಟ್ಟು ಮತ್ತೆ ಕೆಲವು ದಿನಗಳ ನಂತರ ಅಳೆಯಲು ಮಕ್ಕಳಿಗೆ ಹೇಳಿ.

ಹೊಸ ಪಟ್ಟಿ ಬಳಿದ ಮೇಲೆ ಆತುರ ಬೇಡ. ಸೀಲಂಟ್ ಹೊರಗಿನಿಂದ ಒಳಕ್ಕೆ ದಿನಕ್ಕೆ ಸುಮಾರು 2–3 ಮಿಲಿಮೀಟರ್ ಗಟ್ಟಿಯಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ತಿಂಗಳ ಒಣ ಗಾಳಿಯಲ್ಲಿ ತೇವಾಂಶ ಕಡಿಮೆಯಿರುವುದರಿಂದ ಇನ್ನೂ ತಡವಾದೀತು. ಒಂದೆರಡು ದಿನ ಆ ಬೇಸಿನ್ನಿಗೆ ನೀರು ಬಿಡದಿದ್ದರೆ ಒಳ್ಳೆಯದು.