ಹಿತ್ತಿಲ ಗೇಟು

ಭಾನುವಾರ ಹನ್ನೆರಡೂವರೆಗೆ ವೃದ್ಧಾಶ್ರಮದ ಮುಂದಿನ ಗೇಟಿಗೆ ಒಂದು ಬಿಳಿ ವ್ಯಾನು ಬಂತು. ಅದರಿಂದ ಮೊದಲು ಇಳಿದದ್ದು ಫ್ಲೆಕ್ಸು, ಆಮೇಲೆ ಅನ್ನದ ಡಬರಿ, ಕೊನೆಗೆ ಹುಟ್ಟುಹಬ್ಬದ ಹುಡುಗ. ಏಳು ವರ್ಷವಿದ್ದೀತು. ಹೊಸ ಅಂಗಿಯ ಕಾಲರು ಚುಚ್ಚುತ್ತಿತ್ತೇನೋ, ಕತ್ತು ಕೆರೆದುಕೊಳ್ಳುತ್ತಲೇ ಇದ್ದ. ಒಳಗೆ ಊಟದ ಹಾಲಿನಲ್ಲಿ ಬಾಳೆಲೆ ಹಾಕಿ ಎಲ್ಲರನ್ನೂ ಕೂರಿಸಿಯಾಗಿತ್ತು. ಫೋಟೊ ಮುಗಿಯುವ ತನಕ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಪಾಯಸದ ಸೌಟು ಒಬ್ಬ ಅಜ್ಜನ ಎಲೆಯ ಮೇಲೆ ಗಾಳಿಯಲ್ಲೇ ನಿಂತಿತ್ತು. ಫೋನು ಹಿಡಿದಾತ "ಇನ್ನೊಂದ್ಸಲ, ಇನ್ನೊಂದ್ಸಲ" ಎನ್ನುತ್ತಿದ್ದ.

"ಈ ವಾರದಲ್ಲಿ ಇದು ಮೂರನೇ ಹುಟ್ಟುಹಬ್ಬ," ಪಕ್ಕದ ಅಜ್ಜಿ ನನ್ನ ಕಡೆ ವಾಲಿ ಹೇಳಿದರು. "ನಮ್ಮದು ಒಂದೂ ಅಲ್ಲ. ನನಗೆ ಶುಗರು ಬೇರೆ, ಹೋಳಿಗೆ ಕಂಡ್ರೆ ಹೆದರಿಕೆ ಆಗ್ತದೆ."

ದಾನವನ್ನು ಹಂಗಿಸುವುದು ಸುಲಭ. ಆದರೆ ಈ ಮನೆಯ ಒಲೆ ಉರಿಯುವುದು ಅದರಿಂದಲೇ. ಗೋಡೆಯ ಮೇಲೆ ದಾನಿಗಳ ಪಟ್ಟಿಯಿದೆ, ಸ್ಟೀಲಿನ ಲೋಟದ ಮೇಲೆ ಹೆಸರಿದೆ, ತಲೆಯ ಮೇಲೆ ತಿರುಗುವ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಹೆಸರಿದೆ. ಕರೆಂಟು ಹೋದಾಗ ಮಾತ್ರ ಓದಲು ಸಿಗುತ್ತದೆ. ಹೀಗೆ ಬಂದವರು ಒಂದೂವರೆಗೆ ಕೈ ಮುಗಿದು ಹೊರಡುತ್ತಾರೆ. ಪಾಯಸ ಬಡಿಸಿಕೊಂಡವರ ಹೆಸರು ಕೇಳಿಕೊಂಡು ಹೋದವರು ಕಡಿಮೆ.

ಸಾಲಿನ ಕೊನೆಯ ಎಲೆ ಖಾಲಿ ಇತ್ತು. ಮ್ಯಾನೇಜರ್ ಮೇಡಂ ಹಣೆ ಗಂಟಿಕ್ಕಿ ಅದನ್ನೇ ನೋಡುತ್ತಿದ್ದರು. "ಅವರು ಬರೋದಿಲ್ಲ ಸರ್, ಹಿತ್ತಿಲಲ್ಲಿದ್ದಾರೆ. ಮಿಡಿ ಬಂದಿದೆ," ಎಂದರು.

ಸಾಗರ, ರಿಪ್ಪನ್‌ಪೇಟೆ ಕಡೆಯ ಸಣ್ಣ ಪೇಟೆ ಇದು. ಮಾರ್ಚ್ ತಿಂಗಳಲ್ಲಿ ಇಲ್ಲಿ 'ಮಿಡಿ ಬಂದಿದೆ' ಎಂದರೆ ಬೇರೆ ಎಲ್ಲ ಕೆಲಸ ಹಿಂದಕ್ಕೆ. ಹಿತ್ತಿಲಿಗೆ ಹೋದರೆ ಅಲ್ಲಿ ಇನ್ನೊಂದು ಗೇಟು. ತುಕ್ಕು ಹಿಡಿದದ್ದು, ಚಿಲಕದ ಬದಲು ಸೈಕಲ್ ಟ್ಯೂಬಿನ ತುಂಡು. ಹಲಸಿನ ಮರದ ನೆರಳಿಗೆ ಹಳೆಯ ಸೀರೆ ಹಾಸಿ ಅದರ ಮೇಲೆ ಉಪ್ಪಿನಕಾಯಿಯ ಎಳೆ ಮಾವು, ಅಪ್ಪೆಮಿಡಿ, ಸುರಿದಿದ್ದರು. ಹಿಂದಿನ ಬೀದಿಯ ಆರು ಹೆಂಗಸರು ಸುತ್ತ ಕುಳಿತಿದ್ದರು. ನಡುವೆ ಮಣೆಯ ಮೇಲೆ ಎಂಬತ್ತು ದಾಟಿದ ಅಜ್ಜಿ. ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಬಲಗಣ್ಣಿಗೆ ಆಗಬೇಕು. ಅವರಿಗೇನೂ ಕಣ್ಣಿನ ಕೆಲಸ ಬಿದ್ದಿರಲಿಲ್ಲ. ಒಂದೊಂದು ರಾಶಿಯಿಂದ ಒಂದು ಮಿಡಿ ತೆಗೆದು ತೊಟ್ಟು ಮುರಿದು ಮೂಗಿಗೆ ಹಿಡಿಯುತ್ತಿದ್ದರು.

"ಇದು ಜೀರಿಗೆ. ಒಳ್ಳೇದು, ಎರಡು ವರ್ಷ ಇಟ್ರೂ ಮೆತ್ತಗಾಗೋದಿಲ್ಲ. ಇದು ಕರ್ಪೂರದ ವಾಸನೆ. ಇದು..." ಇನ್ನೊಮ್ಮೆ ಮೂಸಿದರು. "ಇದು ಅಪ್ಪೆಯೇ ಅಲ್ಲ ಮಾರಾಯ್ತಿ. ಬರೀ ಕಾಡುಮಾವು. ನಿನಗೆ ಯಾರೋ ಟೋಪಿ ಹಾಕಿದ್ದಾರೆ."

ಟೋಪಿ ಹಾಕಿಸಿಕೊಂಡಾಕೆಯ ಮುಖ ಸಣ್ಣದಾಯಿತು, ಉಳಿದ ಐವರು ನಕ್ಕರು. ನೂರಕ್ಕೆ ಇಷ್ಟು ಎಂದು ಎಣಿಸಿ ಮಾರುವ ಸರಕು ಇದು. ಮರದಿಂದ ಬುಟ್ಟಿಗೆ ಇಳಿಸಿ, ಹಗ್ಗದಲ್ಲಿ ನೆಲಕ್ಕೆ ಬಿಡಬೇಕು. ಬಿದ್ದು ಪೆಟ್ಟಾದ ಒಂದೇ ಒಂದು ಮಿಡಿ ಸೇರಿದರೂ ಇಡೀ ಭರಣಿ ಕೊಳೆಯುತ್ತದೆ. ಅಜ್ಜಿಯ ಹೆಬ್ಬೆರಳು ಆ ಪೆಟ್ಟನ್ನು ಹುಡುಕುತ್ತಿತ್ತು. ಸಿಕ್ಕಿದ್ದನ್ನು ಬದಿಗೆ ಎಸೆಯುವುದು, ಸರಿಯಿದ್ದದ್ದರ ತೊಟ್ಟನ್ನು ಬೆರಳಿನ ಅರ್ಧ ಗೆಣ್ಣಷ್ಟು ಉಳಿಸಿ ಕತ್ತರಿಸುವುದು. ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಭರಣಿಗೆ ಒಂದು ವರಸೆ ಮಿಡಿ, ಒಂದು ವರಸೆ ಹರಳುಪ್ಪು. ಎರಡು ವಾರ ಬಿಟ್ಟರೆ ಮಿಡಿ ಸುಕ್ಕುಗಟ್ಟಿ ತಾನೇ ನೀರು ಬಿಡುತ್ತದೆ. ಆ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು ಅರೆಯಬೇಕು. ಯಾವಾಗ ಅರೆಯಬೇಕೆಂದು ಹೇಳುವುದಕ್ಕೂ ಅಜ್ಜಿಯೇ ಬೇಕು. ಎಲ್ಲರ ಭರಣಿಯೂ ಅಷ್ಟು ದಿನ ಆಶ್ರಮದ ಉಗ್ರಾಣದಲ್ಲೇ ಇರುತ್ತದೆ. ಭರಣಿಗೊಂದು ಚೀಟಿ: 'ದರ್ಜಿ ಮನೆ', 'ಲೈನ್‌ಮನ್ ಮನೆ', 'ಟೀಚರ್ ಮನೆ'. ದಿನವೂ ಒಬ್ಬರಲ್ಲ ಒಬ್ಬರು ಬಂದು ಮಿಡಿ ತಿರುವಿ ಹೋಗಬೇಕು. ಬಂದವರು ಸುಮ್ಮನೆ ಹೋಗುತ್ತಾರೆಯೇ? ಒಂದು ಗಂಟೆ ಕುಳಿತೇ ಹೋಗುತ್ತಾರೆ.

ಇದನ್ನೆಲ್ಲ ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಒಂದು ಬೇಸಗೆಯಲ್ಲಿ ಹಿಂದಿನ ಬೀದಿಯ ಬೋರು ಬತ್ತಿತು. ಆಶ್ರಮದ ಹಿತ್ತಿಲ ಬಾವಿಯಲ್ಲಿ ನೀರಿತ್ತು. ಮ್ಯಾನೇಜರ್ ಮೇಡಂ ಬೀಗ ತೆಗೆಸಿದರು. ಕೊಡ ಹಿಡಿದು ಬಂದವರು ಕಟ್ಟೆಯ ಮೇಲೆ ಕುಳಿತು ಉಸಿರು ಬಿಟ್ಟರು, ಜಗಲಿಯಲ್ಲಿದ್ದವರು ಯಾರ ಮನೆ, ಏನು ಎತ್ತ ಎಂದು ಕೇಳಿದರು. ಮಳೆ ಬಂತು, ಬೋರಿಗೂ ನೀರು ಬಂತು. ಬೀಗ ಮಾತ್ರ ಮತ್ತೆ ಬೀಳಲಿಲ್ಲ. ನನಗೆ ಅನ್ನಿಸುವುದಿಷ್ಟು: ಮುಂದಿನ ಗೇಟಿನಿಂದ ಬರುವವರು ಕೊಡಲು ಬರುತ್ತಾರೆ, ಹಿತ್ತಿಲ ಗೇಟಿನಿಂದ ಬರುವವರು ಕೇಳಲು ಬರುತ್ತಾರೆ. ಕೇಳಲು ಬಂದವರ ಎದುರಿಗೆ ಅಜ್ಜಿಯ ಬೆನ್ನು ನೆಟ್ಟಗಾಗುತ್ತದೆ.

ಜಗಲಿಯ ಇನ್ನೊಂದು ತುದಿಯಲ್ಲಿ ಇಬ್ಬರು ಎಸ್‌ಎಸ್‌ಎಲ್‌ಸಿ ಹುಡುಗರು ಪಾಸಿಂಗ್ ಪ್ಯಾಕೇಜಿನ ಜೆರಾಕ್ಸ್ ಹಿಡಿದು ಕುಳಿತಿದ್ದರು. ಊಟಕ್ಕೆ ಹೋದ ಮೇಷ್ಟ್ರಿಗೆ ಕಾಯುತ್ತಿದ್ದರು. ನಿವೃತ್ತ ಗಣಿತದ ಮೇಷ್ಟ್ರು ಆ ಜೆರಾಕ್ಸನ್ನು ಮುಟ್ಟುವುದಿಲ್ಲವಂತೆ. "ಅದರಲ್ಲಿ ಪಾಸಾಗ್ತೀರಿ, ಲೆಕ್ಕ ಬರೋದಿಲ್ಲ," ಎಂದು ಬೈದು ಹಾಳೆ ಮಡಿಸಿಡುತ್ತಾರೆ. ಬೈಸಿಕೊಳ್ಳಲು ಮತ್ತೆ ಬರುತ್ತಾರೆ ಹುಡುಗರು.

ಮೇಡಂ ಇದಕ್ಕೆಲ್ಲ ಕಣ್ಣುಮುಚ್ಚಿ ಬಾಗಿಲು ತೆರೆದವರಲ್ಲ. ಹಿತ್ತಿಲಿನಿಂದ ಬಂದವರೂ ಪುಸ್ತಕದಲ್ಲಿ ಹೆಸರು, ಹೊತ್ತು ಬರೆಯಬೇಕು. ಮಕ್ಕಳು ಜಗಲಿ ದಾಟಿ ಕೋಣೆಗೆ ಹೋಗುವಂತಿಲ್ಲ. ನೆಗಡಿ, ಜ್ವರ ಇದ್ದವರು ಗೇಟಿನಲ್ಲೇ ವಾಪಸ್. ಏಳನೇ ಕೋಣೆಯ ಯಜಮಾನರು ಯಾರೂ ಬೇಡವೆನ್ನುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೈದು ವರ್ಷ ಜನರ ಮುಖ ನೋಡಿದ್ದೇನೆ, ಸಾಕು ಎಂಬುದು ಅವರ ವಾದ. ಅವರ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಅದೂ ನ್ಯಾಯವೇ.

ಕಾನೂನು ಇದನ್ನೆಲ್ಲ ಹೇಳುವುದಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆಯ 19ನೇ ಕಲಮು ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮದ ಮಾತಾಡುತ್ತದೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರಬೇಕು ಎನ್ನುತ್ತದೆ, ವೈದ್ಯಕೀಯ ಆರೈಕೆ ಮತ್ತು ಮನರಂಜನೆಯನ್ನೂ ನೆನೆಯುತ್ತದೆ. ಮನರಂಜನೆ ಎಂದರೆ ನಮ್ಮಲ್ಲಿ ಟಿ.ವಿ. ಎಂದು ಅರ್ಥ. ನೆದರ್ಲೆಂಡ್ಸಿನ ಡೆವೆಂಟರ್ ಎಂಬ ಊರಿನ ಹ್ಯುಮನಿಟಾಸ್ ವೃದ್ಧಾಶ್ರಮದವರು ಬೇರೆಯದೇ ದಾರಿ ಹಿಡಿದರು. ಕಾಲೇಜು ಹುಡುಗರಿಗೆ ಒಳಗೇ ಕೋಣೆ ಕೊಟ್ಟರು. ಬಾಡಿಗೆಯಿಲ್ಲ. ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಯವರಾಗಿರಬೇಕು, ಅಷ್ಟೇ ಕರಾರು. ಟೋಕಿಯೋದ ಕೊಟೊಯೆನ್‌ನಲ್ಲಂತೂ ದಶಕಗಳಿಂದ ಅಜ್ಜ ಅಜ್ಜಿಯರೂ ಶಿಶುವಿಹಾರದ ಮಕ್ಕಳೂ ಒಂದೇ ಸೂರಿನಡಿ. ಅಲ್ಲೂ ಇಲ್ಲೂ ಕೀಲಿ ಒಂದೇ: ಬಾಡಿಗೆ ಉಳಿಸಬೇಕಾದ ಹುಡುಗ, ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಬೇಕಾದ ತಾಯಿ, ನೀರು ಬೇಕಾದ ಬೀದಿ.

ನಂಟು ಬೆಳೆದ ಮೇಲೆ ಅದು ಎಲ್ಲೆಲ್ಲಿ ಕೈ ಹಿಡಿಯುತ್ತದೆಂದು ಮೊದಲೇ ಹೇಳಲಾಗುವುದಿಲ್ಲ. ಇಲ್ಲೊಬ್ಬರು ಮರೆವಿನ ಅಜ್ಜ ಇದ್ದಾರೆ. ಸಂಜೆಯಾಯಿತೆಂದರೆ ಮನೆಗೆ ಹೋಗಬೇಕು ಎಂದು ಹೊರಡುತ್ತಾರೆ. ಹಿಂದೊಮ್ಮೆ ತಪ್ಪಿಸಿಕೊಂಡಾಗ ರಾತ್ರಿ ಹನ್ನೊಂದಾಗಿತ್ತು ಸಿಗುವಾಗ. ಈಗ ಆಟೊ ಸ್ಟ್ಯಾಂಡು ದಾಟುವುದರೊಳಗೆ ಯಾರೋ ಒಬ್ಬ "ಬನ್ನಿ ಅಜ್ಜಾ, ನಾನೂ ಆ ಕಡೆಗೇ ಹೋಗೋದು," ಎಂದು ಕೂರಿಸಿಕೊಂಡು, ಊರಿಗೊಂದು ಸುತ್ತು ಹಾಕಿಸಿ, ಹಿತ್ತಿಲ ಗೇಟಿಗೇ ತಂದು ಬಿಡುತ್ತಾನೆ. ಅಜ್ಜನಿಗೆ ಮನೆಗೆ ಬಂದ ಸಮಾಧಾನ. ಬಾಡಿಗೆ ತೆಗೆದುಕೊಳ್ಳುವುದಿಲ್ಲ, ಆತನ ಮಗಳೂ ಮೇಷ್ಟ್ರ ಹತ್ತಿರ ಬೈಸಿಕೊಳ್ಳುವವಳೇ.

ಮೇಡಂ ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿತು. 8ನೇ ನಮೂನೆ ತುಂಬಿಸಿ ಹದಿನೆಂಟು ಜನರ ಮತವನ್ನು ಈ ವಿಳಾಸಕ್ಕೆ ಬದಲಾಯಿಸಿದರು. 2024ರ ಲೋಕಸಭಾ ಚುನಾವಣೆಯಲ್ಲಿ 85 ದಾಟಿದವರು ಮನೆಯಲ್ಲೇ ಮತ ಹಾಕಬಹುದಿತ್ತು. ಇಬ್ಬರು ಅದನ್ನು ಬೇಡವೆಂದು, ಮೇ 7ರ ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು, ಶಾಲೆಯ ಮುಂದೆ ಹಿಂದಿನ ಬೀದಿಯವರ ಜತೆ ಸಾಲಿನಲ್ಲಿ ನಿಂತು ಬಂದರಂತೆ. ಅಂದಿನಿಂದ ಆಶ್ರಮ ಈ ಊರಿನ ಮನೆಯಾಯಿತು. ಮುಂದಿನ ಗೇಟಿನ ಬೀದಿದೀಪವೂ ಎಷ್ಟೋ ಕಾಲದ ಮೇಲೆ ಉರಿಯಿತು. ಹದಿನೆಂಟು ಓಟಿನ ಬೆಳಕು ಅದು.

ಸಾವಿನ ಮಾತು ಮೇಡಂ ಒಂದೇ ವಾಕ್ಯದಲ್ಲಿ ಮುಗಿಸಿದರು. "ಮೊದಲು ಆಂಬುಲೆನ್ಸಿನವನೂ ನಾನೂ ಅಡುಗೆಯವನೂ ಹೋಗ್ತಿದ್ವಿ, ಹೋದ ವರ್ಷ ಒಬ್ಬರು ತೀರಿಕೊಂಡಾಗ ಹೊರಲು ಹೆಗಲು ಹೆಚ್ಚಾದವು." ನಾನೂ ಮುಂದೆ ಕೇಳಲಿಲ್ಲ.

ಅಷ್ಟರಲ್ಲಿ ನೋಡಿದರೆ ಹುಟ್ಟುಹಬ್ಬದ ಹುಡುಗ ಹಲಸಿನ ಮರದ ಕೆಳಗಿದ್ದ. ಫೋಟೊದಿಂದ ಯಾವಾಗ ತಪ್ಪಿಸಿಕೊಂಡನೋ. ಕಾಲರಿನ ಗುಂಡಿ ಬಿಚ್ಚಿತ್ತು.

"ಯಾರ ಮನೆ ಮಗ ನೀನು?" ಎಂದರು ಅಜ್ಜಿ.

ಹುಡುಗ ತಂದೆಯ ಹೆಸರು, ಬಡಾವಣೆ ಎಲ್ಲ ಹೇಳಿದ.

"ಎಣಿಸೋಕೆ ಬರ್ತದಾ? ಬಂದ್ರೆ ಕೂತ್ಕೋ. ನೂರು ನೂರು ಮಾಡಿ ಇಡು."

ಹುಡುಗ ಮೊಣಕಾಲೂರಿ ಕುಳಿತ. ಅರವತ್ತಮೂರಕ್ಕೆ ಲೆಕ್ಕ ತಪ್ಪಿತು. "ಮೊದಲಿಂದ," ಎಂದರು ಅಜ್ಜಿ, ತಲೆಯೆತ್ತದೆ. ಎರಡನೇ ಸಲ ಎಂಬತ್ತರ ಹತ್ತಿರ ಬಂದಿದ್ದ, ಮುಂದಿನ ಗೇಟಿನಲ್ಲಿ ವ್ಯಾನು ಹಾರ್ನ್ ಹಾಕಿತು. ತಾಯಿ ಹೆಸರು ಹಿಡಿದು ಕೂಗುತ್ತ ಹಿತ್ತಿಲಿಗೇ ಬಂದರು, ಹಾಸಿದ ಸೀರೆಯ ಅಂಚಿನಲ್ಲಿ ನಿಂತರು, ಮಿಡಿ ನೋಡಿದರು.

"ಇದು ಎಲ್ಲಿ ಸಿಕ್ತು ಅಜ್ಜಿ?"

ಅಜ್ಜಿ ಆಕೆಗೆ ಉತ್ತರ ಕೊಡಲಿಲ್ಲ. ಹುಡುಗ ಮುಖ ಒರೆಸಿಕೊಳ್ಳಲು ಕೈ ಎತ್ತಿದ್ದ, ಅದನ್ನು ಹಿಡಿದುಕೊಂಡು, "ಕಣ್ಣು ಉಜ್ಜಬೇಡ, ಕೈಯಲ್ಲಿ ಸೊನೆ ಇದೆ. ಬಾವಿಕಟ್ಟೆಗೆ ಹೋಗಿ ತೊಳ್ಕೊಂಡು ಬಾ. ಎಂಬತ್ತರಲ್ಲಿ ನಿಲ್ಲಿಸಿದ್ದೀಯ, ನೆನಪಿರಲಿ," ಎಂದರು.