ಕುಲುಮೆಗೆ ಮೊದಲು ಇಕ್ಕಳ

(ಕಾರ್ಯದರ್ಶಿಯವರಿಂದ)

ಅಡಿಕೆ ಕೊಯ್ಲಿನ ವಾರದಲ್ಲಿ ಮೆಟ್ಟುಗತ್ತಿಯ ಬಾಯಿ ಮುಕ್ಕಾದರೆ ಸುಲಿಯುವವರ ಕೈ ನಿಲ್ಲುತ್ತದೆ. ಕೂಲಿ ಮಾತ್ರ ನಿಲ್ಲುವುದಿಲ್ಲ. ಕಾಫಿ ತೋಟದಲ್ಲಿ ಕಳೆಗತ್ತಿ ಸೀಳಿದರೂ, ಗುಂಡಿ ತೋಡುವ ಪಿಕಾಸಿಯ ಮೊನೆ ಮೊಂಡಾದರೂ ಇದೇ ಕಥೆ. ಗುಡೇಕೋಟೆಯಂತಹ ಹೆಬ್ಬಂಡೆಗಳ ಸೀಮೆಯಲ್ಲಿ ಕೊಳವೆ ಬಾವಿಯ ನೀರನ್ನು ನೆಚ್ಚಿ ಅಡಿಕೆ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರಸು ನೆಲದಲ್ಲಿ ಎರಡು ಮೊಳ ಗುಂಡಿ ಇಳಿಯುವಷ್ಟರಲ್ಲಿ ಪಿಕಾಸಿ ಕುಲುಮೆಯನ್ನು ಬೇಡುತ್ತದೆ.

ಹಿಂದೆ ಊರಿಗೊಂದು ಕುಲುಮೆ ಇತ್ತು. ಹನ್ನೆರಡು ಮಂದಿ ಆಯಗಾರರಲ್ಲಿ ಕಮ್ಮಾರನೂ ಒಬ್ಬ. ವರ್ಷವಿಡೀ ಕುಳ ತಟ್ಟಿಕೊಡುವುದು, ಕುಡುಗೋಲಿಗೆ ಕಕ್ಕು ಹಾಕುವುದು ಅವನ ಹೊಣೆ; ಸುಗ್ಗಿಯ ಕಣದಲ್ಲಿ ಅವನ ಪಾಲಿನ ಕಾಳನ್ನು ಅಳೆದು ಕೊಡುವುದು ರೈತನ ಹೊಣೆ. ಟ್ರ್ಯಾಕ್ಟರು ಬಂದು ಮರದ ನೇಗಿಲು ಅಟ್ಟ ಸೇರಿದ ಮೇಲೆ ಈ ಲೆಕ್ಕ ಮುರಿಯಿತು. ಅನೇಕ ಹಳ್ಳಿಗಳಲ್ಲಿ ಈಗ ತಿದಿಯ ಸದ್ದಿಲ್ಲ. ಒಂದು ಕತ್ತಿ ಹದ ಮಾಡಿಸಲು ಬಸ್ಸು ಹತ್ತಿ ಪೇಟೆಗೆ ಹೋಗಬೇಕು, ಅಲ್ಲಿ ಸರದಿ ಕಾಯಬೇಕು.

ನಮ್ಮ ಸೀಮೆಗೆ ಕಬ್ಬಿಣ ಹೊಸದೇನಲ್ಲ. ತುಂಗಭದ್ರೆಯ ದಡದಲ್ಲಿ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಸುಮಾರು ಮೂರು ಸಾವಿರ ವರ್ಷ ಹಳೆಯ ಕಬ್ಬಿಣದ ವಸ್ತುಗಳು ದೊರೆತಿವೆ. ನೆರೆಯ ಸಂಡೂರಿನ ಗುಡ್ಡಗಳ ತುಂಬ ಅದಿರು. ತೋರಣಗಲ್ಲಿನಲ್ಲಿ 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು; ಮುಂದೆ 1994ರಲ್ಲಿ ಸ್ಥಾಪಿತವಾದ ಜಿಂದಾಲ್ ಕಂಪನಿಯು ಅಲ್ಲಿ ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದನ್ನು ಕಟ್ಟಿತು. ಉಕ್ಕು ಲಾರಿಗಟ್ಟಲೆ ಹೊರಗೆ ಹೋಗುವ ಸೀಮೆಯಲ್ಲಿ ಒಂದು ಪಿಕಾಸಿಯ ಮೊನೆ ತಟ್ಟುವವರಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ.

ಆದುದರಿಂದ ಸಣ್ಣ ರಿಪೇರಿಗಾಗಿ ತೋಟದಲ್ಲೇ ಒಂದು ಪುಟ್ಟ ಕುಲುಮೆ ಇಟ್ಟುಕೊಳ್ಳಬೇಕೆಂಬ ಆಸೆ ಹಲವು ಸದಸ್ಯರಲ್ಲಿದೆ. ಕೆಲವರು ಇಟ್ಟುಕೊಂಡೂ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಮೊದಲು ಕೊಳ್ಳುವುದು ಗಾಳಿ ಊದುವ ಬ್ಲೋಯರು, ಆಮೇಲೆ ಸುತ್ತಿಗೆ. ಕಾದ ಕಬ್ಬಿಣ ಹಿಡಿಯಲು ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿರುವ ಪ್ಲೇಯರೇ ಸಾಕೆಂದು ತಿಳಿಯುತ್ತಾರೆ. ಅಪಾಯ ಇರುವುದು ಇಲ್ಲಿಯೇ.

ಹಿಡಿತ ತಪ್ಪಿದರೆ

ಪ್ಲೇಯರಿನ ಹಿಡಿ ಒಂದು ಗೇಣೂ ಇರುವುದಿಲ್ಲ. ಕೈ ಬೆಂಕಿಗೆ ತೀರ ಹತ್ತಿರವಾಗುತ್ತದೆ. ಅದರ ಬಾಯಿ ಹೆಚ್ಚು ಅಗಲ ತೆರೆದಾಗ ಕಬ್ಬಿಣವನ್ನು ತುದಿಯಲ್ಲಿ ಮಾತ್ರ ಕಚ್ಚುತ್ತದೆ. ಸುತ್ತಿಗೆಯ ಮೊದಲ ಏಟಿಗೆ ಕಾದ ತುಂಡು ತಿರುಗಿಕೊಳ್ಳುತ್ತದೆ, ಎರಡನೆಯ ಏಟಿಗೆ ಹಾರುತ್ತದೆ. ಹಾರಿದ ತುಂಡು ಬೀಳುವುದು ಪಾದದ ಮೇಲೆ, ಇಲ್ಲವೇ ಪಕ್ಕದಲ್ಲಿ ಒಣಗಲು ಹಾಕಿದ ಅಡಿಕೆ ಸಿಪ್ಪೆಯ ಮೇಲೆ. ಎರಡೂ ಸಣ್ಣ ವಿಷಯವಲ್ಲ.

ಕಮ್ಮಾರರ ಗೂಡಿನಲ್ಲಿ ಒಂದೇ ಇಕ್ಕಳ ಇರುವುದಿಲ್ಲ. ಗೋಡೆಗೆ ಏಳೆಂಟು ತೂಗುತ್ತಿರುತ್ತವೆ. ಹಿಡಿಯುವ ವಸ್ತುವಿನ ದಪ್ಪಕ್ಕೂ ಆಕಾರಕ್ಕೂ ಸರಿಯಾಗಿ ಇಕ್ಕಳದ ಬಾಯಿ ಇರಬೇಕು ಎಂಬುದೇ ಇದಕ್ಕೆ ಕಾರಣ. ತಗಡಿನಂತಹ ಕತ್ತಿಗೆ ಚಪ್ಪಟೆ ಬಾಯಿ, ದುಂಡು ಸರಳಿಗೆ ಗಾಡಿ ಬಿದ್ದ ಬಾಯಿ. ಪೇಟೆಯಲ್ಲಿ ಕೊಂಡ ಇಕ್ಕಳ ನಮ್ಮ ಕತ್ತಿಗೆ ಹೊಂದುವುದು ಅಪರೂಪ. ನಾವೇ ಮಾಡಿಕೊಂಡದ್ದಾದರೆ ನಮ್ಮ ಕೆಲಸದ ಅಳತೆಗೇ ಕೂರಿಸಿಕೊಳ್ಳಬಹುದು.

ಇಕ್ಕಳವಿಲ್ಲದೆ ಇಕ್ಕಳ ಹೇಗೆ?

ಇಕ್ಕಳ ಮಾಡಲು ಇಕ್ಕಳ ಬೇಕಲ್ಲ ಎಂದು ಕೇಳುವವರುಂಟು. ಇದು ಹಳೆಯ ಒಗಟು. ಸೃಷ್ಟಿಯ ಆರನೆಯ ದಿನ ಸಂಜೆಗತ್ತಲಲ್ಲಿ ದೇವರು ಉಂಟುಮಾಡಿದ ವಸ್ತುಗಳ ಪಟ್ಟಿಯೊಂದು ಯಹೂದಿಗಳ ಪ್ರಾಚೀನ ಗ್ರಂಥದಲ್ಲಿದೆ. ಮೊದಲ ಇಕ್ಕಳವೂ ಅದರಲ್ಲಿ ಸೇರಿತ್ತೆಂಬ ಅಭಿಪ್ರಾಯವನ್ನು ಅಲ್ಲಿ ಹೇಳಿದೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಹಾರೆಯ ಮೊನೆ ಕಾಯಿಸುವಾಗ ಯಾರೂ ಇಕ್ಕಳ ಹುಡುಕುವುದಿಲ್ಲ. ಅದರ ಇನ್ನೊಂದು ತುದಿಯೇ ತಣ್ಣಗಿರುವ ಹಿಡಿ. ಮೊದಲ ಇಕ್ಕಳಕ್ಕೂ ಇದೇ ಉಪಾಯ. ಉದ್ದನೆಯ ಸರಳಿನ ಒಂದು ತುದಿಯಲ್ಲಿ ಕೆಲಸ ಮುಗಿಸಿ, ಕೊನೆಯಲ್ಲಿ ತುಂಡರಿಸಿಕೊಂಡರಾಯಿತು.

ಬೇಕಾಗುವ ಸಾಮಗ್ರಿ

ಸರಳು: ಐದು ಸೂತಿನ, ಅಂದರೆ 16 ಮಿ.ಮೀ. ದಪ್ಪದ ಸಾದಾ ದುಂಡು ಸರಳು ಒಂದು ಮೀಟರು. ಇದರ ತೂಕ ಸುಮಾರು 1.6 ಕಿಲೋ. ಎರಡು ಹೋಳುಗಳಿಗೂ ಇದೊಂದೇ ಸಾಕು; ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಮನೆ ಕಟ್ಟಿ ಉಳಿದ ಟಿ.ಎಂ.ಟಿ. ಸರಳಿನ ಏಣುಗಳು ಬಡಿಯುವಾಗ ಮಡಿಚಿಕೊಂಡು ಬಿರುಕಿಗೆ ದಾರಿಯಾಗುತ್ತವೆ. ಲಾರಿಯ ಸ್ಪ್ರಿಂಗ್ ಪ್ಲೇಟು ಕತ್ತಿಗೆ ಒಳ್ಳೆಯದು, ಇಕ್ಕಳಕ್ಕೆ ಬೇಡ. ಕೆಂಪಗೆ ಕಾದಾಗ ನೀರಿಗೆ ಅದ್ದಿದರೆ ಅದು ಗಾಜಿನಂತೆ ಪೆಡಸಾಗಿ ಮುರಿಯುತ್ತದೆ.

ಸತುವಿನ ಲೇಪವಿರುವ ಜಿ.ಐ. ಪೈಪು, ಬೋಲ್ಟುಗಳನ್ನು ಯಾವ ಕಾರಣಕ್ಕೂ ಕುಲುಮೆಗೆ ಹಾಕಬಾರದು. ಕಾದಾಗ ಏಳುವ ಬಿಳಿಯ ಹೊಗೆಯನ್ನು ಉಸಿರಾಡಿದರೆ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ.

ಇದ್ದಿಲು: ನಮ್ಮಲ್ಲಿ ಬಳ್ಳಾರಿ ಜಾಲಿಗೆ ಬರವಿಲ್ಲ. ಅದರ ಇದ್ದಿಲು ಗಟ್ಟಿ, ಕಾವೂ ಹೆಚ್ಚು. ತೆಂಗಿನ ಚಿಪ್ಪಿನ ಇದ್ದಿಲೂ ಆಗುತ್ತದೆ. ಗುಡೇಕೋಟೆಯ ಸುತ್ತಿನ ಕಾಡು ಕರಡಿಧಾಮಕ್ಕೆ ಸೇರಿದ್ದು; ಅಲ್ಲಿಯ ಮರಕ್ಕೆ ಕೈ ಹಾಕಕೂಡದು.

ಕುಲುಮೆ: ಲಾರಿಯ ಹಳೆಯ ಬ್ರೇಕ್ ಡ್ರಮ್ಮು, ಅದಕ್ಕೆ ಅಡಿಯಿಂದ ಒಂದು ಕಬ್ಬಿಣದ ಕೊಳವೆ, ಕೈಯಿಂದ ತಿರುಗಿಸುವ ಬ್ಲೋಯರು.

ಅಡಿಗಲ್ಲು: ಲಾರಿಯ ಆಕ್ಸಲಿನ ತುಂಡನ್ನು ಮರದ ಕೊರಡಿನಲ್ಲಿ ನೆಟ್ಟಗೆ ಹೂಳಿದರೆ ಸಾಕು. ಅದರ ತಲೆಯ ಒಂದು ಮಗ್ಗುಲನ್ನು ಅರದಿಂದ ಉಜ್ಜಿ ನೇರ ಅಂಚು ಮಾಡಿಕೊಳ್ಳಬೇಕು. ರೈಲು ಕಂಬಿ ಚೆನ್ನಾಗಿರುತ್ತದೆ, ನಿಜ. ಆದರೆ ಬಿಲ್ಲಿಲ್ಲದೆ ಗುಜರಿಯಲ್ಲಿ ಕೊಂಡ ಕಂಬಿ ಮನೆಯಲ್ಲಿದ್ದರೆ 1966ರ ರೈಲ್ವೆ ಆಸ್ತಿ ಕಾಯಿದೆಯ ಪ್ರಕಾರ ತೊಂದರೆಯಾಗಬಹುದು. ಬಂಡೆಯ ಮೇಲಿಟ್ಟು ಬಡಿಯುವುದು ಬೇಡ. ಕಾದ ಕಬ್ಬಿಣದ ಶಾಖಕ್ಕೆ ಕಲ್ಲಿನ ಚಕ್ಕೆ ಕಣ್ಣಿಗೆ ಸಿಡಿಯುತ್ತದೆ.

ಇವಲ್ಲದೆ ಒಂದು ಕಿಲೋ ತೂಕದ ಸುತ್ತಿಗೆ, ತುಂಡರಿಸಲು ಚಾಣ, ತೂತಿಗೆ ಪಂಚು, ಒಂದು ಅರ, ಒಂದು ಬಕೆಟ್ ನೀರು, ಒಂದು ಬುಟ್ಟಿ ಮರಳು.

ಮಾಡುವ ವಿಧಾನ

ಇಕ್ಕಳದ ಪ್ರತಿಯೊಂದು ಹೋಳಿನಲ್ಲೂ ಮೂರು ಭಾಗಗಳಿವೆ: ಬಾಯಿ, ನಡು, ಹಿಡಿ. ನಡು ಎಂದರೆ ಎರಡು ಹೋಳು ಕೂಡಿ ತಿರುಗುವ ಜಾಗ.

ಮೊದಲು ಸರಳಿನ ತುದಿಯನ್ನು ಹೊಳೆಯುವ ಕಿತ್ತಳೆ ಬಣ್ಣಕ್ಕೆ ಕಾಯಿಸಿರಿ. ಕಡುಗೆಂಪಿಗೆ ಇಳಿದ ಕೂಡಲೇ ಬಡಿಯುವುದನ್ನು ನಿಲ್ಲಿಸಿ ಮತ್ತೆ ಬೆಂಕಿಗೆ ಇಡಬೇಕು. ಬೆಂಕಿಯಿಂದ ನಕ್ಷತ್ರದಂತಹ ಕಿಡಿ ಹಾರಿದರೆ ಕಬ್ಬಿಣ ಸುಡುತ್ತಿದೆ ಎಂದರ್ಥ. ಸುಟ್ಟ ತುದಿಯನ್ನು ಕತ್ತರಿಸಿ ಬಿಸಾಡಬೇಕು; ಅದನ್ನು ಸರಿಪಡಿಸಲು ಬರುವುದಿಲ್ಲ.

1. ಬಾಯಿ: ತುದಿಯ 4 ಸೆಂ.ಮೀ. ಭಾಗವನ್ನು ಅಡಿಗಲ್ಲಿನ ಅಂಚಿನ ಮೇಲಿಟ್ಟು ಅರ್ಧ ದಪ್ಪಕ್ಕೆ, ಅಂದರೆ 8 ಮಿ.ಮೀ.ಗೆ ಚಪ್ಪಟೆ ಮಾಡಿರಿ. ಅಂಚು ಕೂತ ಕಡೆ ಒಂದು ಮೆಟ್ಟಿಲು ಬೀಳುತ್ತದೆ.

2. ನಡು: ಸರಳನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬಾಯಿಯ ಭಾಗ ಅಂಚಿನಿಂದ ಆಚೆ ಇರುವಂತೆ ಮುಂದೆ ಸರಿಸಿ, ಮುಂದಿನ 3 ಸೆಂ.ಮೀ.ಯನ್ನು ಅದೇ 8 ಮಿ.ಮೀ. ದಪ್ಪಕ್ಕೆ ತಟ್ಟಿರಿ. ಈಗ ಬಾಯಿ ಒಂದು ಮುಖ, ನಡು ಅದಕ್ಕೆ ಅಡ್ಡ ಮುಖವಾಗಿ ನಿಲ್ಲುತ್ತವೆ.

3. ಹಿಡಿ: ಮತ್ತೆ ಎಡಕ್ಕೇ ಕಾಲು ಸುತ್ತು. ನಡುವನ್ನೂ ಅಂಚಿನಾಚೆ ಸರಿಸಿ, ಅದರ ಹಿಂದಿನ 13 ಸೆಂ.ಮೀ.ಯನ್ನು ಎಳೆದು ಸುಮಾರು 10 ಮಿ.ಮೀ. ದಪ್ಪಕ್ಕೆ ಇಳಿಸಿರಿ. ಅದು ಒಂದು ಅಡಿಗಿಂತ ಸ್ವಲ್ಪ ಉದ್ದವಾಗುತ್ತದೆ. ಇದಕ್ಕೆ ನಾಲ್ಕಾರು ಕಾವು ಬೇಕು, ಅವಸರ ಬೇಡ. ನಂತರ ಕಾದಿರುವಾಗಲೇ ಚಾಣ ಇಟ್ಟು ತುಂಡರಿಸಿರಿ.

ಉಳಿದ ಸರಳಿನ ತುದಿಯಲ್ಲಿ ಎರಡನೆಯ ಹೋಳು. ಹೊಸಬರು ಎಡವುವುದು ಇಲ್ಲಿ. ನಮ್ಮ ಎರಡು ಕೈಗಳು ಒಂದರ ಪ್ರತಿಬಿಂಬ ಇನ್ನೊಂದು. ಇಕ್ಕಳದ ಹೋಳುಗಳು ಹಾಗಲ್ಲ. ಎರಡೂ ಅಚ್ಚಿನಲ್ಲಿ ತೆಗೆದಂತೆ ಒಂದೇ ತೆರ ಇರಬೇಕು. ಮೊದಲನೆಯದನ್ನು ಎಡಕ್ಕೆ ತಿರುಗಿಸಿದ್ದರೆ ಎರಡನೆಯದನ್ನೂ ಎಡಕ್ಕೇ ತಿರುಗಿಸಬೇಕು. ಬಲಕ್ಕೆ ತಿರುಗಿಸಿದರೆ ಹೋಳುಗಳು ಕತ್ತರಿಯಂತೆ ಕೂಡುವುದಿಲ್ಲ. ಮಾಡಿದ ಕೆಲಸವೆಲ್ಲ ಗುಜರಿಗೆ. ಮೊದಲ ಹೋಳನ್ನು ಕಣ್ಣೆದುರಿಗೆ ಇಟ್ಟುಕೊಂಡು, ಪ್ರತಿ ಕಾವಿನಲ್ಲೂ ಹೋಲಿಸಿ ನೋಡುವುದು ಒಳ್ಳೆಯದು.

4. ತೂತು: ನಡುವಿನ ಮಧ್ಯಕ್ಕೆ ಗುರುತು ಮಾಡಿ, ಕಾದಾಗ ಪಂಚು ಇಟ್ಟು ಹೊಡೆಯಿರಿ. ತಳ ಗಟ್ಟಿ ತಗುಲಿದ ಮೇಲೆ ಮಗುಚಿ, ಅಲ್ಲಿ ಕಾಣುವ ಕಪ್ಪು ಚುಕ್ಕೆಯ ಮೇಲೆ ಹೊಡೆದರೆ ಬಿಲ್ಲೆ ಕಳಚಿ ಬೀಳುತ್ತದೆ. ಡ್ರಿಲ್ಲು ಇದ್ದವರು ತಣ್ಣಗಾದ ಮೇಲೆ ಕೊರೆಯಬಹುದು. 10 ಮಿ.ಮೀ. ರಿವೆಟ್ಟು ಸಲೀಸಾಗಿ ಹೋಗುವಷ್ಟು ತೂತು ಸಾಕು.

5. ರಿವೆಟ್ಟು: 10 ಮಿ.ಮೀ. ಸರಳಿನ 4 ಸೆಂ.ಮೀ. ತುಂಡು. ಎರಡು ನಡುಗಳ ದಪ್ಪ ಸೇರಿ 16 ಮಿ.ಮೀ.; ಉಳಿದದ್ದು ಎರಡು ಕಡೆಯ ತಲೆಗಳಿಗೆ. ಮೊದಲು ಒಂದು ಕಡೆ ತಲೆ ಮಾಡಿಕೊಂಡು, ಮತ್ತೆ ಚೆನ್ನಾಗಿ ಕಾಯಿಸಿ ತೂರಿಸಿ, ಇನ್ನೊಂದು ತಲೆ ತಟ್ಟಿರಿ. ತಣಿದಾಗ ರಿವೆಟ್ಟು ಕುಗ್ಗಿ ಇಕ್ಕಳ ಬಿಗಿದುಕೊಳ್ಳುತ್ತದೆ. ಆದ್ದರಿಂದ ನಡುವನ್ನು ಮತ್ತೊಮ್ಮೆ ಕೆಂಪಗೆ ಕಾಯಿಸಿ, ತಣಿಯುವ ತನಕ ತೆರೆಯುತ್ತ ಮುಚ್ಚುತ್ತ ಇರಬೇಕು.

6. ಕೂರಿಸುವುದು: ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಯಾವ ವಸ್ತುವಿಗಾಗಿ ಇಕ್ಕಳ ಮಾಡುತ್ತಿದ್ದೇವೋ ಅದೇ ದಪ್ಪದ ತಣ್ಣನೆಯ ತುಂಡನ್ನು ಕಾದ ಬಾಯಿಗೆ ಕೊಟ್ಟು ಮೇಲಿನಿಂದ ತಟ್ಟಿರಿ. ಬಾಯಿಯ ಎರಡು ದವಡೆಗಳೂ ತುದಿಯಿಂದ ಬುಡದವರೆಗೆ ವಸ್ತುವಿಗೆ ತಾಗಬೇಕು. ದುಂಡು ಸರಳನ್ನು ಇಟ್ಟು ತಟ್ಟಿದರೆ ಗಾಡಿ ತಾನಾಗಿ ಬೀಳುತ್ತದೆ. ವಸ್ತುವನ್ನು ಕಚ್ಚಿದಾಗ ಎರಡು ಹಿಡಿಗಳ ನಡುವೆ ಮೂರು ಬೆರಳು ಅಂತರವಿದ್ದರೆ ಕೈ ಸೋಲುವುದಿಲ್ಲ. ಹಿಡಿಗಳ ಮೇಲೆ ಸರಿದಾಡುವ ಒಂದು ಕಬ್ಬಿಣದ ಉಂಗುರ ಹಾಕಿಕೊಂಡರೆ ಅದೇ ಬಿಗಿ ಹಿಡಿಯುತ್ತದೆ. ಕೈಗೆ ಒತ್ತುವ ಶ್ರಮವಿಲ್ಲ.

ಹೊಸ ಇಕ್ಕಳದಲ್ಲಿ ಮೊದಲು ತಣ್ಣನೆಯ ತುಂಡನ್ನು ಹಿಡಿದು ಹತ್ತು ಏಟು ಹಾಕಿ ನೋಡಬೇಕು. ಅದು ಅಲುಗಿದರೆ ಬಾಯಿಯನ್ನು ಮತ್ತೆ ಕೂರಿಸಿರಿ. ತಣ್ಣನೆಯದು ಜಾರಿದ ಇಕ್ಕಳದಲ್ಲಿ ಕಾದದ್ದು ನಿಲ್ಲುವುದಿಲ್ಲ.

ಎಚ್ಚರಿಕೆಗಳು

ಟೆರಿಲಿನ್, ಪಾಲಿಯೆಸ್ಟರ್ ಬಟ್ಟೆ ಕಿಡಿಗೆ ಕರಗಿ ಮೈಗೆ ಅಂಟುತ್ತದೆ; ದಪ್ಪ ಹತ್ತಿಯ ಬಟ್ಟೆಯೇ ಇರಲಿ. ಚರ್ಮದ ಷೂ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಬ್ಬಿಣದ ಕೆಂಪು ಆರಿ ಕಪ್ಪಾದ ಮಾತ್ರಕ್ಕೆ ತಣಿದಿದೆ ಎಂದಲ್ಲ. ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಕಪ್ಪು ಕಬ್ಬಿಣದಿಂದಲೇ. ಕಾದ ತುಂಡುಗಳನ್ನು ಇಡಲು ಒಂದೇ ಜಾಗ ಗೊತ್ತುಮಾಡಿ, ಮಕ್ಕಳನ್ನು ಅತ್ತ ಬಿಡಬೇಡಿ. ಸೋಗೆಯ ಚಪ್ಪರ, ಒಣ ಹಾಳೆ, ಸಿಪ್ಪೆಯ ರಾಶಿಗಳಿಂದ ಕುಲುಮೆ ದೂರವಿರಲಿ.

ಆಚಾರರ ಕೆಲಸ ಆಚಾರರಿಗೆ

ಇಷ್ಟು ಓದಿದ ಮೇಲೆ ಇನ್ನು ಕಮ್ಮಾರರ ಅಗತ್ಯವಿಲ್ಲವೆಂದು ಯಾರೂ ತಿಳಿಯಬಾರದು. ಪಿಕಾಸಿಯ ಮೊನೆ ಎಳೆಯುವುದು, ಗೂಟ, ಕೊಂಡಿ, ಬಾಗಿದ ಗುದ್ದಲಿ, ಇಂತಹವು ನಮ್ಮ ಕೈಯಲ್ಲಿ ಆಗುವ ಕೆಲಸ. ಕೊಡಲಿಗೆ ಉಕ್ಕು ಬೆಸೆಯುವುದು, ಮೆಟ್ಟುಗತ್ತಿಗೆ ಹದ ಕೊಡುವುದು ವರ್ಷಗಳ ಅಭ್ಯಾಸ ಬೇಡುವ ವಿದ್ಯೆ. ಹದ ಹೆಚ್ಚಾದ ಕತ್ತಿ ಒಡೆಯುತ್ತದೆ, ಕಡಿಮೆಯಾದದ್ದು ಮಡಿಚುತ್ತದೆ. ಇಕ್ಕಳ ಮಾಡುವುದನ್ನೂ ಮೊದಲ ಸಲ ಒಬ್ಬ ಆಚಾರರ ಪಕ್ಕದಲ್ಲಿ ನಿಂತು ಕಲಿಯುವುದೇ ಕ್ಷೇಮ. ಅವರ ಒಂದು ದಿನದ ದುಡಿಮೆಗೆ ತಕ್ಕ ಹಣ ಕೊಟ್ಟು ಕರೆಯಬೇಕೇ ಹೊರತು ಪುಕ್ಕಟೆ ಪಾಠ ಕೇಳುವುದು ತರವಲ್ಲ.

ಕುಲುಮೆ ಆರಿಸಿ ಕುಳಿತ ಆಚಾರರು ನಿಮ್ಮ ಊರಿನಲ್ಲಿದ್ದರೆ ಅವರಿಗೆ ಒಂದು ವಿಷಯ ತಿಳಿಸಿರಿ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ತರಬೇತಿ, ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವು, ಶೇಕಡಾ 5ರ ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷ ರೂಪಾಯಿಯವರೆಗೆ ಸಾಲ ಈ ಯೋಜನೆಯಲ್ಲಿವೆ. ಅರ್ಜಿ ತುಂಬಿಸಿಕೊಡುವಷ್ಟು ಸಹಾಯ ನಮ್ಮಿಂದ ಆಗಬಹುದು.

ಒಬ್ಬೊಬ್ಬರೂ ಕುಲುಮೆ ಹೂಡುವುದಕ್ಕಿಂತ ಅಕ್ಕಪಕ್ಕದ ಐದಾರು ತೋಟದವರು ಕೂಡಿ ಒಂದನ್ನು ಇಟ್ಟುಕೊಳ್ಳುವುದು ಮಿತವ್ಯಯ. ಬ್ಲೋಯರು ಒಂದೇ ಸಾಕು, ಅಡಿಗಲ್ಲು ಒಂದೇ ಸಾಕು. ಇಕ್ಕಳಗಳು ಮಾತ್ರ ಮೂರು ನಾಲ್ಕು ಬಗೆಯವು ಇರಲಿ. ಕೊಯ್ಲಿಗೆ ಒಂದು ತಿಂಗಳು ಮೊದಲೇ ಉಪಕರಣಗಳನ್ನೆಲ್ಲ ಒಟ್ಟುಮಾಡಿ ಒಂದು ದಿನ ಕುಲುಮೆ ಹೊತ್ತಿಸಿದರೆ ಕೊಯ್ಲಿನ ನಡುವೆ ಕೆಲಸ ನಿಲ್ಲುವುದಿಲ್ಲ. ಹೀಗೆ ಕೂಡಿ ಮಾಡಲು ಇಚ್ಛೆಯುಳ್ಳ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿದಲ್ಲಿ, ಅನುಭವಸ್ಥ ಆಚಾರರೊಬ್ಬರನ್ನು ಕರೆಸಿ ಒಂದು ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಲು ಪ್ರಯತ್ನಿಸಲಾಗುವುದು. ಬರುವವರು ಒಂದು ಮೀಟರು ಸರಳನ್ನೂ, ತಮ್ಮ ತೋಟದಲ್ಲಿ ಹೆಚ್ಚು ಬಳಸುವ ಒಂದು ಕತ್ತಿಯನ್ನೂ ಜೊತೆಗೆ ತರತಕ್ಕದ್ದು. ಇಕ್ಕಳದ ಬಾಯಿಯನ್ನು ಆ ಕತ್ತಿಯ ಅಳತೆಗೇ ಕೂರಿಸಿಕೊಂಡು ಹೋಗಬಹುದು.