ಮದರಂಗಿಯ ಬೇಲಿ

ಡೊಂಬಿವಲಿ, ಕಲ್ಯಾಣಗಳ ಸೊಸೈಟಿ ಅಂಗಳಕ್ಕೆ ಅಗ್ಗದ ಬೇಲಿಯೆಂದರೆ ಮದರಂಗಿ. ಇಲ್ಲಿಯವರು ಮೇಂದಿ ಎನ್ನುವರು. ಜೂನ್ ಮಳೆ ಹಿಡಿದೊಡನೆ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಗಳನ್ನು ಅಡಿಗೊಂದರಂತೆ ಊರತಕ್ಕದ್ದು. ಈ ಗಿಡ ಬರವನ್ನು ತಾಳೀತು, ಬುಡದಲ್ಲಿ ನಿಂತ ನೀರನ್ನು ತಾಳದು. ಕೊಂಕಣದ ಮಳೆಗೆ ಮಣ್ಣು ಏರಿಸಿ ನೆಡುವುದೇ ಮೇಲು.

ಅನೇಕರು ಗಿಡ ಎದೆಯೆತ್ತರ ಬರಲೆಂದು ಕತ್ತರಿ ಮುಟ್ಟಿಸದೆ ಕಾಯುತ್ತಾರೆ. ಆಗ ತುದಿಯಷ್ಟೇ ಹಸಿರು; ಬೋಳು ಬುಡದಲ್ಲಿ ಆಡು, ನಾಯಿ ನುಸುಳುತ್ತವೆ. ಎರಡು ಮೊಳ ಬೆಳೆದೊಡನೆ, ಮನಸ್ಸು ಕಲ್ಲು ಮಾಡಿ, ಗೇಣೆತ್ತರಕ್ಕೆ ಕತ್ತರಿಸಿರಿ. ಕವಲು ಬುಡದಿಂದಲೇ ಒಡೆಯುವುದು. ಮುಂದೆ ಸವರುವಾಗ ಬುಡ ಅಗಲವಾಗಿ, ನೆತ್ತಿ ಕಿರಿದಾಗಿರಲಿ. ಕೆಳಗಿನ ಎಲೆಗೂ ಬಿಸಿಲು ಬೇಕಲ್ಲವೆ?

ಸವರಿದ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿದರೆ ಹಬ್ಬಕ್ಕಾಯಿತು. ಅದರ ಬಣ್ಣ ಕೆಂಪು ಬೆರೆತ ಕಂದು. ಪೇಟೆಯ 'ಕಪ್ಪು ಮೇಂದಿ'ಯಲ್ಲಿ ಕೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕ ಬೆರೆಸಿರುವುದುಂಟು. ಅದರಿಂದ ಮಕ್ಕಳ ಕೈಯಲ್ಲಿ ಬೊಬ್ಬೆಯೇಳಬಹುದು.